ಬಾಲ ಕೊನೆಗೆ ನೋಡಿ: ನಾಯಿ, ಬೆಕ್ಕು, ಕೋತಿಗಳ ನಡವಳಿಕೆ ಓದುವ ಕ್ರಮ

"ಬಾಲ ಅಲ್ಲಾಡಿಸ್ತಾನೇ ಇತ್ತು, ಆದ್ರೂ ಕಚ್ಚಿಬಿಡ್ತು." ನಾಯಿ ಕಡಿತದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಹೇಳೇ ಹೇಳುತ್ತಾರೆ. "ಬೆಕ್ಕು ತಾನಾಗೇ ಹೊಟ್ಟೆ ತೋರಿಸ್ತು, ಮುಟ್ಟಿದ್ದಕ್ಕೆ ಪರಚಿತು", "ಕೋತಿ ನೋಡಿ ನಕ್ಕೆ, ಮೈಮೇಲೇ ಬಂತು" ಅನ್ನುವವರೂ ಇದ್ದಾರೆ. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರಾಣಿ ಸುಳಿವು ಕೊಟ್ಟಿತ್ತು, ಇವರು ಅದನ್ನು ನೋಡಿಯೂ ಇದ್ದರು. ಎಡವಟ್ಟಾಗುವುದು ಕ್ರಮದಲ್ಲಿ. ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವ ಒಂದು ಅಂಗ ನೋಡಿ, ಅದಕ್ಕೊಂದು ಅರ್ಥ ಕಟ್ಟಿ, ಕೈ ಚಾಚಿಬಿಡುತ್ತಾರೆ. ಉಳಿದ ಮೈ ಏನು ಹೇಳುತ್ತಿತ್ತು, ಒಂದು ನಿಮಿಷದ ಹಿಂದೆ ಏನಾಗಿತ್ತು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನೇರವಾಗಿ ನಾಲ್ಕನೇ ಹಂತಕ್ಕೆ ಹಾರಬೇಡಿ. ಎಲ್ಲರೂ ಹಾರುವುದು ಅಲ್ಲಿಗೇ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಸ್ಲೋ ಮೋಷನ್ ವಿಡಿಯೋ ಬರುವ ಒಂದು ಮೊಬೈಲು, ಒಂದು ಹಳೇ ನೋಟ್‌ಬುಕ್ಕು, ಒಂದು ಪೆನ್ನು. ಮನೆಯ ನಾಯಿಯಾದರೆ ಅದಕ್ಕೆ ತುಂಬಾ ಇಷ್ಟವಾದ ತಿಂಡಿಯ ಸಣ್ಣ ಸಣ್ಣ ಚೂರು: ಬೇಯಿಸಿದ ಕೋಳಿಯೋ, ಪನೀರೋ, ಬೇಯಿಸಿದ ಮೊಟ್ಟೆಯೋ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ಬೇಡ, ಇವು ನಾಯಿಗೆ ವಿಷ. ಕಾಡುಪ್ರಾಣಿ ನೋಡುವವರಿಗೆ ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕ್ಯಾಮೆರಾದ ಜೂಮ್ ಸಾಕು. ಹತ್ತಿರ ಹೋಗುವುದಂತೂ ಬೇಡ.

ಸ್ಲೋ ಮೋಷನ್ ಯಾಕೆ ಅಂದರೆ, ನಾಯಿ ತುಟಿ ನೆಕ್ಕಿ ಮುಖ ಆಚೆ ತಿರುಗಿಸುವುದಕ್ಕೆ ಒಂದು ಸೆಕೆಂಡೂ ಹಿಡಿಯುವುದಿಲ್ಲ. ಬರಿಗಣ್ಣಿಗೆ ಅದು ತಪ್ಪಿಹೋಗುತ್ತದೆ. ಅದೇ ವಿಡಿಯೋವನ್ನು ನಿಧಾನವಾಗಿ ಓಡಿಸಿದರೆ, "ಯಾವ ಸೂಚನೆಯೂ ಕೊಡದೆ ಹಾರಿತು" ಅಂದ ನಾಯಿ ನಾಲ್ಕೈದು ಸಲ ಬೇಡ ಅಂದಿರುವುದು ಕಾಣುತ್ತದೆ.

## 1. ಮೊದಲು ನೋವು ಇದೆಯಾ ಅಂತ ತೋರಿಸಿಕೊಳ್ಳಿ

ನಡವಳಿಕೆ ಇದ್ದಕ್ಕಿದ್ದ ಹಾಗೆ ಬದಲಾದರೆ ಟ್ರೈನರ್ ಹತ್ತಿರ ಓಡಬೇಡಿ. ಮೊದಲು ಪಶುವೈದ್ಯರ ಹತ್ತಿರ ಹೋಗಿ. ವರ್ಷಗಟ್ಟಲೆ ಮಕ್ಕಳ ಜೊತೆ ಆಡಿಕೊಂಡಿದ್ದ ನಾಯಿ ಈ ವಾರದಿಂದ ತಲೆ ಮುಟ್ಟಿದರೆ ಗುರ್ ಅನ್ನುತ್ತಿದೆ ಅಂದರೆ ಅದಕ್ಕೆ ಅಹಂಕಾರ ಬಂದಿಲ್ಲ. ಕಿವಿಯೊಳಗೆ ಸೋಂಕು ಆಗಿರಬಹುದು. ಕಿವಿಯ ಮಡಿಕೆ ಮೆಲ್ಲಗೆ ಎತ್ತಿ ನೋಡಿ: ಒಳಗೆ ಕೆಂಪಗಿದೆಯಾ, ಕಂದು ಬಣ್ಣದ ಜಿಗುಟು ಇದೆಯಾ, ಕೆಟ್ಟ ವಾಸನೆ ಬರುತ್ತಿದೆಯಾ? ಎತ್ತಲೂ ಬಿಡುತ್ತಿಲ್ಲ ಅಂದರೆ ಬಲವಂತ ಮಾಡಬೇಡಿ, ಹಾಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಲ್ಲಿನ ನೋವು, ಸೊಂಟ ಮತ್ತು ಮಂಡಿಯ ಸವೆತ, ರಕ್ತ ಹೀರುವ ಉಣ್ಣಿ ಹುಳುವಿನಿಂದ ಬರುವ ಟಿಕ್ ಫೀವರ್ ಎಲ್ಲವೂ ನಾಯಿಯನ್ನು ಸಿಡುಕ ಮಾಡುತ್ತವೆ. ವಯಸ್ಸಾದ ನಾಯಿಗೆ ಕಣ್ಣು ಮಂಜಾಗಿ, ಕಿವಿ ಕೇಳಿಸದೆ, ಹಿಂದಿನಿಂದ ಮುಟ್ಟಿದಾಗ ಬೆಚ್ಚಿ ಬಾಯಿ ಹಾಕುವುದೂ ಉಂಟು.

ಬೆಕ್ಕು ಮರಳಿನ ತಟ್ಟೆ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ದರೆ "ಸೇಡು ತೀರಿಸ್ಕೊಳ್ತಿದೆ" ಅನ್ನುವ ಮಾತು ತುಂಬಾ ಕೇಳುತ್ತೇವೆ. ಮೂತ್ರನಾಳದ ತೊಂದರೆ ಇರಬಹುದು ಅಂತ ಮೊದಲು ಯೋಚಿಸಿ. ಅದರಲ್ಲೂ ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದು ಹನಿಯೂ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು.

ಎಚ್ಚರಿಕೆಯ ಗುರುತು: ಊಟ ಬಿಡುವುದು, ಮೂಲೆ ಹಿಡಿದು ಕೂರುವುದು, ಒಂದೇ ಜಾಗ ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಳ್ಳುವುದು, ಹತ್ತುತ್ತಿದ್ದ ಮೆಟ್ಟಿಲು ಹತ್ತದಿರುವುದು. ಇವು ನಡವಳಿಕೆ ಬದಲಾವಣೆಯ ಜೊತೆಗೇ ಬಂದರೆ ಮುಂದಿನ ಹಂತಗಳು ಕಾಯಲಿ.

## 2. ಆರಾಮಾಗಿದ್ದಾಗ ಹೇಗಿರುತ್ತದೆ ಅಂತ ತಿಳಿದುಕೊಳ್ಳಿ

ನಿಮ್ಮ ಪ್ರಾಣಿಯ ಮಾಮೂಲಿ ಏನು ಅಂತ ಗೊತ್ತಿಲ್ಲದೆ ಬದಲಾವಣೆ ಗುರುತಿಸಲು ಆಗುವುದಿಲ್ಲ. ಪಗ್ ನಾಯಿಯ ಬಾಲ ತಳಿಗುಣದಿಂದಲೇ ಸುರುಳಿ. ಮುಧೋಳ ನಾಯಿಯ ಬಾಲ ಸುಮ್ಮನೆ ನಿಂತಾಗಲೂ ಕೆಳಗೇ ಇರುತ್ತದೆ. ಲ್ಯಾಬ್ರಡಾರ್ ಕಿವಿ ಜೋತಾಡುತ್ತದೆ, ಜರ್ಮನ್ ಶೆಫರ್ಡ್ ಕಿವಿ ನೆಟ್ಟಗೆ ನಿಲ್ಲುತ್ತದೆ. ಒಂದೇ ಚಾರ್ಟ್ ಹಿಡಿದುಕೊಂಡು ಎಲ್ಲ ನಾಯಿಯನ್ನೂ ಓದಲು ಹೋದರೆ ಮುಧೋಳ ಯಾವಾಗಲೂ ಹೆದರಿದೆ, ಪಗ್ ಯಾವಾಗಲೂ ಖುಷಿಯಾಗಿದೆ ಅನ್ನಬೇಕಾಗುತ್ತದೆ.

ಹಾಗಾಗಿ ಒಂದು ವಾರ ಏನೂ ಅರ್ಥ ಹಚ್ಚದೆ ನೋಡಿ. ಬೆಳಗ್ಗೆ ಎದ್ದಾಗ, ಊಟದ ಹೊತ್ತಿಗೆ, ಮಧ್ಯಾಹ್ನ ಮಲಗಿದಾಗ, ಸಂಜೆ ನೀವು ಗೇಟು ತೆಗೆದಾಗ ಚಿಕ್ಕ ಚಿಕ್ಕ ವಿಡಿಯೋ ತೆಗೆದಿಡಿ. ಬಾಯಿ ತೆರೆದಿರುತ್ತದಾ ಮುಚ್ಚಿರುತ್ತದಾ, ಬಾಲ ಎಲ್ಲಿರುತ್ತದೆ, ಎಷ್ಟು ಹೊತ್ತು ನಿದ್ದೆ ಮಾಡುತ್ತದೆ ಅಂತ ಬರೆದಿಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಮುಂದೆ ನೀವು ಹೋಲಿಸಿ ನೋಡುವುದು ಇದರ ಜೊತೆಗೇ.

## 3. ಕಂಡದ್ದು ಬರೆಯಿರಿ, ಅಂದುಕೊಂಡದ್ದು ಬೇಡ

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಮೊದಲು ಏನಾಯಿತು, ಪ್ರಾಣಿ ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಮಧ್ಯದ ಕಾಲಂನಲ್ಲಿ ಕ್ಯಾಮೆರಾಗೆ ಕಾಣುವುದನ್ನು ಮಾತ್ರ ಬರೆಯಬೇಕು. "ಕೋಪ ಮಾಡಿಕೊಂಡಿತು" ಅಂತ ಬರೆದರೆ ಹೊಡೆದು ಹಾಕಿ. "ಬಾಯಿ ಮುಚ್ಚಿತು, ಕತ್ತು ಬಿಗಿಯಿತು, ತಟ್ಟೆಯ ಮೇಲೆ ತಲೆ ಇನ್ನೂ ತಗ್ಗಿಸಿತು" ಅಂತ ಬರೆಯಿರಿ.

ಇಲ್ಲಿ ಎಡವುವವರೇ ಜಾಸ್ತಿ. ಹಠ, ಸೇಡು, ಹೊಟ್ಟೆಕಿಚ್ಚು, ತಪ್ಪಿನ ಅರಿವು ಅಂತ ನಮ್ಮ ಮನೆಯವರ ಗುಣಗಳನ್ನೆಲ್ಲ ನಾಯಿಯ ತಲೆಗೆ ಕಟ್ಟುತ್ತೇವೆ. ಚಪ್ಪಲಿ ಕಡಿದ ನಾಯಿ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಎಳೆದು, ಕಣ್ಣು ತಪ್ಪಿಸಿ ಕೂತರೆ "ನೋಡು, ತಪ್ಪು ಮಾಡಿದ್ದೀನಿ ಅಂತ ಅದಕ್ಕೇ ಗೊತ್ತು" ಅನ್ನುತ್ತೇವೆ ಅಲ್ವಾ? ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ನಾಯಿ ತಿನ್ನಬಾರದ್ದನ್ನು ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಇರಲಿಲ್ಲ. ಯಜಮಾನರು ಬೈದಾಗ ಆ ಮುಖ ಬರುತ್ತಿತ್ತು. ತಪ್ಪೇ ಮಾಡದ ನಾಯಿಯೂ ಬೈಗುಳಕ್ಕೆ ಹಾಗೇ ಕೂರುತ್ತಿತ್ತು. ಅಂದರೆ ಅದು ನಿಮ್ಮ ದನಿಗೆ ಹೆದರಿ ಕೂತ ನಾಯಿ.

ಮೂರನೇ ಕಾಲಂ ಅನ್ನು ಯಾರೂ ತುಂಬುವುದಿಲ್ಲ, ಗುಟ್ಟೆಲ್ಲ ಇರುವುದು ಅದರಲ್ಲೇ. ಕೊರಿಯರ್ ಹುಡುಗ ಬಂದ, ನಾಯಿ ಬೊಗಳಿತು, ಹುಡುಗ ಹೋದ. ಹುಡುಗ ಹೇಗೂ ಹೋಗುವವನೇ, ನಾಯಿಯ ಲೆಕ್ಕದಲ್ಲಿ ಮಾತ್ರ ಅವನನ್ನು ಓಡಿಸಿದ್ದು ಬೊಗಳು. ದಿನಾ ಗೆಲ್ಲುತ್ತಿದೆ, ಯಾಕೆ ನಿಲ್ಲಿಸುತ್ತದೆ? ಚಾಮರಾಜನಗರದ ಆಚೆ, ತಮಿಳುನಾಡಿನ ಹಾಸನೂರು ಸುತ್ತಮುತ್ತಲ ಕಾಡು ರಸ್ತೆಯಲ್ಲಿ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದೂ ಇದೇ ಲೆಕ್ಕ. ಲಾರಿ ನಿಂತಿತು, ಒಂದಷ್ಟು ಜಲ್ಲೆ ಸಿಕ್ಕಿತು, ನಾಳೆಯೂ ಬರೋಣ.

## 4. ಮೈ ಓದುವ ಕ್ರಮ: ಭಾರ, ಬಾಯಿ, ಕಣ್ಣು, ಕಿವಿ, ಬಾಲ

ಈಗ ನಾಯಿಯ ಮೈಗೆ ಬನ್ನಿ. ಇದೇ ಕ್ರಮದಲ್ಲಿ ನೋಡಿ.

ಮೈಭಾರ ಎತ್ತ ಇದೆ? ನಾಲ್ಕೂ ಕಾಲಿನ ಮೇಲೆ ಸಮನಾಗಿ ನಿಂತು ಸೊಂಟ ಆಡುತ್ತಿದ್ದರೆ ಆರಾಮಾಗಿದೆ. ಭಾರ ಹಿಂಗಾಲಿನ ಮೇಲೆ ಹೋಗಿ ಮೈ ಕುಗ್ಗಿದ್ದರೆ ದೂರ ಹೋಗಲು ನೋಡುತ್ತಿದೆ. ಭಾರ ಮುಂಗಾಲಿಗೆ ಬಂದು ಮೈ ಮುಂದಕ್ಕೆ ಬಾಗಿ ಬಿಗಿದಿದ್ದರೆ ನುಗ್ಗಲು ತಯಾರಾಗಿದೆ. ಇದಿಷ್ಟನ್ನೇ ಕಲಿತರೂ ಅರ್ಧ ಕೆಲಸ ಆದ ಹಾಗೆ, ಏಕೆಂದರೆ ಇದು ದೂರದಿಂದಲೇ ಕಾಣುತ್ತದೆ.

ಬಾಯಿ. ಸಡಿಲವಾಗಿ ತೆರೆದು ನಾಲಿಗೆ ಇಳಿಬಿಟ್ಟ ಬಾಯಿ ಒಳ್ಳೆಯ ಗುರುತು. ಹಾಗಿದ್ದ ಬಾಯಿ ಟಪ್ ಅಂತ ಮುಚ್ಚಿಕೊಂಡಿತಾ? ಅಲ್ಲಿಗೆ ನಿಮ್ಮ ಕೈ ನಿಲ್ಲಬೇಕು. ಎದುರಿಗೆ ಊಟವಿಲ್ಲದೆ ತುಟಿ ಮೂಗು ನೆಕ್ಕುವುದು, ನಿದ್ದೆಯ ಹೊತ್ತಲ್ಲದೆ ಆಕಳಿಸುವುದು, ಸೆಕೆ ಇಲ್ಲದೆ ಏದುಸಿರು ಬಿಡುವುದು ಸಾಮಾನ್ಯವಾಗಿ ಒತ್ತಡದ ಗುರುತುಗಳು. ಅಪಾರ್ಟ್‌ಮೆಂಟ್ ಲಿಫ್ಟಿನೊಳಗೆ ನಾಯಿ ಆಕಳಿಸಿದರೆ ಅದಕ್ಕೆ ನಿದ್ದೆ ಬಂದಿಲ್ಲ, ಆ ಡಬ್ಬಿಯಿಂದ ಹೊರಗೆ ಹೋಗಬೇಕಾಗಿದೆ.

ಕಣ್ಣು. ಮುಖ ಒಂದು ಕಡೆ ತಿರುಗಿಸಿ ಕಣ್ಣು ಮಾತ್ರ ನಿಮ್ಮ ಮೇಲೇ ಇಟ್ಟಾಗ ಕಣ್ಣಿನಂಚಿನಲ್ಲಿ ಬಿಳಿ ಕಾಣುತ್ತದೆ. ಮೂಳೆ ಕಡಿಯುತ್ತಿರುವ ನಾಯಿಯ ಹತ್ತಿರ ಹೋದಾಗ, ಮಗು ಕತ್ತಿಗೆ ಜೋತುಬಿದ್ದಾಗ ಇದು ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ತೆಗೆದ "ಮುದ್ದಾದ" ಫೋಟೋಗಳನ್ನು ಒಮ್ಮೆ ಮತ್ತೆ ತೆಗೆದು ನೋಡಿ. ಮಗು ನಗುತ್ತಿದೆ, ನಾಯಿಯ ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿದೆ.

ಕಿವಿ. ಬುಡ ನೋಡಿ, ತುದಿಯಲ್ಲ. ಜೋಲುಗಿವಿಯ ನಾಯಿಯೂ ಬುಡವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಬಾಲ. ಕೊನೆಗೆ ಇದು. ಬಾಲ ಅಲ್ಲಾಡಿದರೆ ನಾಯಿಯ ಮನಸ್ಸು ಕೆರಳಿದೆ ಅಂತ ಮಾತ್ರ ಗೊತ್ತಾಗುತ್ತದೆ, ಖುಷಿಗೋ ಸಿಟ್ಟಿಗೋ ಗೊತ್ತಾಗುವುದಿಲ್ಲ. ಸೊಂಟದ ಸಮೇತ ಅಗಲಕ್ಕೆ ಬೀಸುವ ಬಾಲ ಬಹುತೇಕ ಸ್ನೇಹದ್ದು. ಮೈ ಕಂಬದ ಹಾಗೆ ನಿಂತು, ಬಾಲ ಮೇಲೆತ್ತಿ ತುದಿ ಮಾತ್ರ ಬೇಗ ಬೇಗ ನಡುಗಿದರೆ ಹಿಂದೆ ಸರಿಯಿರಿ. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಜಮಾನನನ್ನು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಜಾಸ್ತಿ ವಾಲುತ್ತದೆ, ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಕೇಳಲು ಚೆನ್ನಾಗಿದೆ, ಬೀದಿಯಲ್ಲಿ ನಿಂತು ಎಡ ಬಲ ಲೆಕ್ಕ ಹಾಕಲು ಮಾತ್ರ ಹೋಗಬೇಡಿ. ಬೆನ್ನ ಮೇಲಿನ ಕೂದಲು ನಿಮಿರುವುದೂ ಹೀಗೇ: ಜಗಳಕ್ಕೂ ನಿಮಿರುತ್ತದೆ, ಹೆದರಿಕೆಗೂ, ಬರೀ ಉತ್ಸಾಹಕ್ಕೂ.

## 5. ಕಚ್ಚುವ ಮೊದಲಿನ ಮೆಟ್ಟಿಲುಗಳು

ನಾಯಿ ಸಾಮಾನ್ಯವಾಗಿ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮೊದಲು ತುಟಿ ನೆಕ್ಕುವುದು, ಆಕಳಿಕೆ. ಆಮೇಲೆ ಮುಖ ತಿರುಗಿಸುವುದು, ಎದ್ದು ಆಚೆ ಹೋಗುವುದು. ಅದಕ್ಕೂ ಬಿಡದಿದ್ದರೆ ಮೈ ಕುಗ್ಗಿಸುವುದು, ಬಾಲ ಕಾಲಸಂದಿಗೆ ಸೇರಿಸುವುದು. ಆಮೇಲೆ ಮೈ ಬಿಗಿದು ಅಲ್ಲಾಡದೆ ನಿಲ್ಲುವುದು. ಆಮೇಲೆ ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು. ಕೊನೆಗೆ ಕಡಿತ. ಎಲ್ಲ ನಾಯಿಯೂ ಎಲ್ಲ ಮೆಟ್ಟಿಲೂ ತುಳಿಯಬೇಕು ಅಂತೇನಿಲ್ಲ. ಕೆಳಗಿನ ಮೆಟ್ಟಿಲುಗಳಿಂದ ಏನೂ ಆಗುವುದಿಲ್ಲ ಅಂತ ಕಲಿತ ನಾಯಿ ನೇರ ಮೇಲಕ್ಕೇ ಹಾರುತ್ತದೆ.

ಇವುಗಳಲ್ಲಿ ಅಪಾಯದ್ದು, ಜನರಿಗೆ ತಿಳಿಯದ್ದು ಆ ಅಲ್ಲಾಡದೆ ನಿಲ್ಲುವ ಕ್ಷಣ. ಮುದ್ದು ಮಾಡುತ್ತಿರುವಾಗ ನಾಯಿ ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ "ಎಷ್ಟು ಚೆನ್ನಾಗಿ ಕೂತಿದೆ ನೋಡಿ" ಅನ್ನುತ್ತಾರೆ. ಉಸಿರು ಹಿಡಿದಿದೆಯಾ, ಕಣ್ಣು ನೆಟ್ಟಿದೆಯಾ, ಕತ್ತು ಗಟ್ಟಿಯಾಗಿದೆಯಾ ನೋಡಿ. ಹೌದು ಅಂದರೆ ಕೈ ತೆಗೆಯಿರಿ, ಕಿರುಚಬೇಡಿ, ಎಳೆಯಬೇಡಿ, ಮೈ ಒಂದು ಪಕ್ಕಕ್ಕೆ ತಿರುಗಿಸಿ ನಿಧಾನಕ್ಕೆ ದೂರ ಸರಿಯಿರಿ.

ದೊಡ್ಡ ತಪ್ಪು: ಗುರ್ ಅಂದದ್ದಕ್ಕೆ ಹೊಡೆಯುವುದು. ಹೊಡೆದರೆ ಗುರ್ ಅನ್ನುವುದು ನಿಲ್ಲಬಹುದು, ಅದರ ಹಿಂದಿನ ಹೆದರಿಕೆ ಹೋಗುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ನನ್ನ ಕೇಳಿದರೆ ಗುರುಗುಟ್ಟುವ ನಾಯಿ ಮರ್ಯಾದಸ್ಥ ನಾಯಿ.

ಚಿಕ್ಕ ಮಕ್ಕಳಿಗೆ ಈ ಮೆಟ್ಟಿಲು ತಾವಾಗಿ ಕಾಣುವುದಿಲ್ಲ. ಹಲ್ಲು ತೋರಿಸುವ ನಾಯಿಯನ್ನು ಪುಟ್ಟ ಮಕ್ಕಳು ನಗುತ್ತಿದೆ ಅಂದುಕೊಳ್ಳುವುದನ್ನು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಹಾಗಾಗಿ ನಾಯಿ ಎಷ್ಟೇ ಸಾಧುವಾದರೂ ಮಗು ಮತ್ತು ನಾಯಿಯನ್ನು ಒಂದು ರೂಮಿನಲ್ಲಿ ಬಿಟ್ಟು ಒಲೆ ಮೇಲಿನ ಹಾಲು ನೋಡಲು ಹೋಗಬೇಡಿ.

## 6. ಒಂದೇ ಒಂದು ವಿಷಯ ಬದಲಿಸಿ ನೋಡಿ

ನೋಟ್‌ಬುಕ್ಕಿನಲ್ಲಿ ಎರಡು ವಾರದ ಬರಹ ಇದ್ದರೆ ಒಂದು ಅಂದಾಜು ಹುಟ್ಟುತ್ತದೆ. "ಊಟದ ತಟ್ಟೆ ಹತ್ತಿರ ಯಾರು ಬಂದರೂ ಬಿಗಿಯುತ್ತದೆ, ಅಜ್ಜಿ ಬಂದಾಗ ಮಾತ್ರ ಇಲ್ಲ." ಅಜ್ಜಿ ಏನು ಬೇರೆ ಮಾಡುತ್ತಾರೆ? ಮೂರನೇ ಕಾಲಂ ನೋಡಿದರೆ ಅವರು ಬರುವಾಗಲೆಲ್ಲ ತಟ್ಟೆಗೆ ಇನ್ನೊಂದು ತುತ್ತು ಬೀಳುತ್ತಿದೆ, ಉಳಿದವರು ಬಂದರೆ ತಟ್ಟೆಯೇ ಹೋಗುತ್ತಿದೆ. ಅಲ್ಲಿಗೆ ಪರೀಕ್ಷೆ ಏನು ಅಂತ ಗೊತ್ತಾಯಿತು: ಒಂದು ವಾರ ಯಾರೂ ತಟ್ಟೆ ಮುಟ್ಟುವುದು ಬೇಡ. ದೂರದಿಂದ, ನಾಯಿಯ ಮೈ ಇನ್ನೂ ಸಡಿಲವಾಗಿರುವಷ್ಟು ದೂರದಿಂದ, ಒಂದು ಕೋಳಿ ಚೂರು ಎಸೆದು ಹಾಗೇ ಹೋಗುತ್ತಿರಿ. ಬಿಗಿತ ಕಮ್ಮಿಯಾದರೆ ಅಂದಾಜು ಸರಿ. ಜಾಸ್ತಿಯಾದರೆ ನೀವು ತೀರಾ ಹತ್ತಿರ ಇದ್ದೀರಿ, ಇಲ್ಲ ಅಂದಾಜೇ ತಪ್ಪು.

ಊಟ, ವಾಕಿಂಗ್ ಹೊತ್ತು, ಮಲಗುವ ಜಾಗ, ಟ್ರೈನರ್ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಈಗಾಗಲೇ ಒಮ್ಮೆ ಹಲ್ಲು ನಾಟಿದ ನಾಯಿಯಾದರೆ ಈ ಪರೀಕ್ಷೆ ನೀವೇ ಮಾಡಬೇಡಿ, ನಡವಳಿಕೆ ಬಲ್ಲ ಪಶುವೈದ್ಯರ ಜೊತೆ ಮಾಡಿ. ಮೊದಲ ದಿನವೇ ಶಾಕ್ ಕೊಡುವ ಬೆಲ್ಟ್ ತೆಗೆಯುವ, "ಯಜಮಾನ ಯಾರು ಅಂತ ತೋರಿಸ್ಬೇಕು" ಅನ್ನುವ ಟ್ರೈನರ್ ಸಿಕ್ಕರೆ ಕೈಮುಗಿದು ಕಳಿಸಿ.

## 7. ಬೆಕ್ಕಿಗೆ ಬೇರೆ ಲೆಕ್ಕ

ನಾಯಿ ಓದಲು ಕಲಿತವರು ಬೆಕ್ಕಿನ ವಿಷಯದಲ್ಲಿ ಸೋಲುವುದು ಇಲ್ಲಿ. ಬೆಕ್ಕಿನ ಬಾಲ ಜೋರಾಗಿ ಅತ್ತಿತ್ತ ಬಡಿದರೆ ಸಾಕು ನಿಲ್ಲಿಸು ಅಂತ. ಬಾಲ ನೆಟ್ಟಗೆ ಮೇಲೆತ್ತಿ, ತುದಿ ಸ್ವಲ್ಪ ಬಾಗಿಸಿ ನಿಮ್ಮ ಕಡೆ ನಡೆದು ಬಂದರೆ ಸ್ನೇಹ. ಹೊಟ್ಟೆ ಮೇಲೆ ಮಾಡಿ ಉರುಳಿದರೆ ನಿಮ್ಮ ಮೇಲೆ ನಂಬಿಕೆ ಇದೆ ಅಂತ ಅರ್ಥ, ಹೊಟ್ಟೆ ಮುಟ್ಟು ಅಂತ ಅಲ್ಲ. ಹಾಗೆ ಮಲಗಿದಾಗ ನಾಲ್ಕೂ ಪಂಜ ಮೇಲಿರುತ್ತವೆ ಅನ್ನುವುದನ್ನು ಮರೆಯಬೇಡಿ.

ಮುದ್ದು ಮಾಡುವಾಗ ಬೆನ್ನಿನ ಚರ್ಮ ನೋಡಿ. ಪರಚುವ ಮೊದಲು ಸೊಂಟದ ಹತ್ತಿರ ಚರ್ಮ ಸರಕ್ಕನೆ ಅಲೆಯಾಡುತ್ತದೆ, ಕಿವಿ ಪಕ್ಕಕ್ಕೆ ತಿರುಗುತ್ತದೆ, ಮುದ್ದಿಗೆ ಮಾಡುತ್ತಿದ್ದ ಗುರುಗುರು ಸದ್ದು ನಿಲ್ಲುತ್ತದೆ. ಗುರುಗುರು ಅಂದಮಾತ್ರಕ್ಕೆ ಸುಖವಾಗಿದೆ ಅಂತಲೂ ಅಲ್ಲ, ನೋವಿನಲ್ಲಿರುವ ಬೆಕ್ಕೂ ಗುರುಗುರು ಅನ್ನುತ್ತದೆ.

ಹೊಸ ಬೆಕ್ಕಿನ ಸ್ನೇಹ ಬೇಕಿದ್ದರೆ ದಿಟ್ಟಿಸಬೇಡಿ. ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ ಮಿಟುಕಿಸಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದಾಗ, ಹೀಗೆ ಮಿಟುಕಿಸಿದವರಿಗೆ ಬೆಕ್ಕುಗಳೂ ಮಿಟುಕಿಸಿದವು, ಅಪರಿಚಿತರ ಕೈ ಹತ್ತಿರ ಬರುವುದೂ ಹೆಚ್ಚಿತು. ಖರ್ಚಿಲ್ಲದ ಕೆಲಸ, ಮಾಡಿ ನೋಡಿ.

## 8. ಬೀದಿ ನಾಯಿ: ಜಾಗ ಮತ್ತು ಹೊತ್ತು ಓದಿ

ಬೀದಿ ನಾಯಿಯ ಮಾಮೂಲಿ ಅಂದರೆ ಅದರ ಜಾಗ. ಹಗಲು ಕಾರಿನ ಕೆಳಗೆ ಮಲಗಿ ತಲೆಯನ್ನೂ ಎತ್ತದ ನಾಯಿಗಳೇ ರಾತ್ರಿ ಬೀದಿ ಖಾಲಿಯಾದ ಮೇಲೆ ಎದ್ದು ಗುಂಪಾಗುತ್ತವೆ. ಕಸದ ರಾಶಿ, ಕೋಳಿ ಅಂಗಡಿ, ಊಟ ಹಾಕುವ ಮೂಲೆ, ಮರಿ ಹಾಕಿದ ಮೋರಿ, ಈ ನಾಲ್ಕು ಎಲ್ಲಿವೆ ಅಂತ ನಿಮ್ಮ ಬೀದಿಯಲ್ಲಿ ಗುರುತು ಮಾಡಿಕೊಳ್ಳಿ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಮರಿಗಳು ಜಾಸ್ತಿ. ಮೊಲೆ ಜೋತ ಹೆಣ್ಣು ನಾಯಿ ಕಂಡರೆ ಹತ್ತಿರದಲ್ಲೇ ಮರಿ ಇದೆ, ದಾರಿ ಬದಲಿಸಿ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಸಂತಾನಹರಣ ಚಿಕಿತ್ಸೆ ಆಗಿದೆ ಅಂತ. ಆ ಗುರುತು ಕಂಡಿತು ಅಂತ ಮೈಮರೆಯಬೇಡಿ, ಹೆದರಿದ ನಾಯಿ ಕಿವಿ ಹೇಗಿದ್ದರೂ ಕಚ್ಚುತ್ತದೆ.

ನಡೆದು ಹೋಗುವಾಗ ನಾಯಿ ನಿಮ್ಮ ಕಡೆ ಬಂದರೆ ಓಡಬೇಡಿ. ನಿಲ್ಲಿ. ಕೈ ಮೈಗೆ ಅಂಟಿಸಿ, ಕಣ್ಣು ನೆಲದ ಕಡೆ, ಮೈ ಸ್ವಲ್ಪ ಪಕ್ಕಕ್ಕೆ. ನಾಯಿ ಮೂಸಿ ಸುಮ್ಮನಾದ ಮೇಲೆ ನಿಧಾನಕ್ಕೆ ಹಿಂದೆ ಸರಿಯಿರಿ, ಬೆನ್ನು ತೋರಿಸಬೇಡಿ. ಕೈಯಲ್ಲಿ ಬ್ಯಾಗು, ಕೊಡೆ ಇದ್ದರೆ ಮಧ್ಯೆ ಅಡ್ಡ ಹಿಡಿಯಿರಿ, ಬೀಸಬೇಡಿ. ಬಿದ್ದರೆ ಮುದುಡಿಕೊಂಡು ಕೈಯಿಂದ ಕತ್ತು ಮತ್ತು ಕಿವಿ ಮುಚ್ಚಿಕೊಳ್ಳಿ.

ಬೈಕಿನಲ್ಲಿದ್ದರೆ ಎಲ್ಲರೂ ಮಾಡುವುದು ಆಕ್ಸಿಲರೇಟರ್ ತಿರುವುವುದು, ಕಾಲು ಮೇಲೆತ್ತುವುದು. ಬೆನ್ನಟ್ಟುವ ನಾಯಿಗೆ ಓಡುವ ಚಕ್ರವೇ ಆಟ, ಜೊತೆಗೆ ಒಂದು ಕಾಲು ಮೇಲಿದ್ದರೆ ನೀವೇ ಬೀಳುತ್ತೀರಿ. ಹಿಂದೆ ವಾಹನ ಇಲ್ಲ ಅಂತ ನೋಡಿಕೊಂಡು ವೇಗ ಇಳಿಸಿ. ಬೈಕು ನಿಧಾನವಾದರೆ ಬಹಳಷ್ಟು ನಾಯಿಗಳು ಪೆಚ್ಚಾಗಿ ನಿಲ್ಲುತ್ತವೆ.

ಬೇರೆಯೇ ಗುರುತು: ಜೊಲ್ಲು ಸುರಿಸುತ್ತಾ, ದವಡೆ ಇಳಿಬಿಟ್ಟು, ತೂರಾಡುತ್ತಾ, ಕಲ್ಲು ಕಟ್ಟಿಗೆಯನ್ನೂ ಕಚ್ಚುತ್ತಾ ಬರುವ ನಾಯಿಯ ಮುಂದೆ ಈ ಮೈ ಓದುವ ಕಲೆಯೆಲ್ಲ ಬೇಡ. ರೇಬಿಸ್ ಇರಬಹುದು. ಬಾಗಿಲು ಹಾಕಿಕೊಳ್ಳಿ, ಮಕ್ಕಳನ್ನು ಒಳಗೆ ಕರೆಯಿರಿ, ಪಾಲಿಕೆಗೋ ಪಂಚಾಯಿತಿಗೋ ಫೋನ್ ಮಾಡಿ.

## 9. ಕೋತಿ ಮತ್ತು ಕಾಡು

ದೇವಸ್ಥಾನದ ಮೆಟ್ಟಿಲಿನ ಕೋತಿಯ ಮುಂದೆ ನಮ್ಮ ಮುಖದ ಭಾಷೆ ಪೂರ್ತಿ ಕೈಕೊಡುತ್ತದೆ. ನಾವು ಕಣ್ಣಲ್ಲಿ ಕಣ್ಣಿಟ್ಟು, ಹುಬ್ಬೇರಿಸಿ, ಹಲ್ಲು ಬಿಟ್ಟು ನಗುತ್ತೇವೆ. ಕೋತಿಗೆ ದಿಟ್ಟಿಸುವುದು ಮತ್ತು ಹುಬ್ಬೇರಿಸುವುದು ಬೆದರಿಕೆ. ಬಾಯಿ ದುಂಡಗೆ ತೆರೆದು ದಿಟ್ಟಿಸುತ್ತಾ ಮುಂದಕ್ಕೆ ಜಗ್ಗಿ ನೆಲ ಬಡಿದರೆ, ಕೊಂಬೆ ಜೋರಾಗಿ ಅಲುಗಾಡಿಸಿದರೆ ಹಿಂದೆ ಸರಿ ಅಂತ. ಸದ್ದಿಲ್ಲದೆ ಹಲ್ಲು ಕಿರಿದರೆ ಅದು ಹೆದರಿದೆ ಅಥವಾ ಶರಣಾಗಿದೆ. ತುಟಿ ಪಟಪಟ ಬಡಿಯುವುದು ಸ್ನೇಹದ ಗುರುತು. ಗಡವ ದೊಡ್ಡದಾಗಿ ಆಕಳಿಸಿ ಕೋರೆಹಲ್ಲು ತೋರಿಸಿದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ.

ಬಂಡೀಪುರದ ಕೋತಿಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಾರಸ್ಯವಾಗಿದೆ. ಅಲ್ಲಿನ ಕೆಲವು ಕೋತಿಗಳು ತಿಂಡಿ ಹಿಡಿದ ಮನುಷ್ಯರ ಮುಖ ನೋಡಿ ಕೂಗು ಹಾಕುತ್ತವೆ, ಕೈ ಚಾಚುತ್ತವೆ, ಸಿಗದಿದ್ದರೆ ಮತ್ತೆ ಕೇಳುತ್ತವೆ. ಬೇಡಿದರೆ ಸಿಗುತ್ತದೆ ಅಂತ ನಾವೇ ಕಲಿಸಿದ್ದೇವೆ, ನಮ್ಮ ಮೂರನೇ ಕಾಲಂ ನೆನಪಿದೆ ತಾನೇ? ಹಾಗಾಗಿ ಕೋತಿಯಿರುವ ಜಾಗದಲ್ಲಿ ಕವರಿನ ಸದ್ದೇ ಕರೆಗಂಟೆ. ತಿಂಡಿಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ. ಕಸಿದುಕೊಂಡರೆ ಹಗ್ಗಜಗ್ಗಾಟ ಬೇಡ, ಬಿಟ್ಟುಬಿಡಿ. ಏನೂ ಇಲ್ಲ ಅಂತ ಎರಡೂ ಅಂಗೈ ಬಿಚ್ಚಿ ತೋರಿಸಿ, ಕಣ್ಣು ಕೂಡಿಸದೆ ನಡೆಯಿರಿ. ತಾಯಿಕೋತಿ ಮತ್ತು ಮರಿಯ ನಡುವೆ ನಿಂತು ಫೋಟೋ ತೆಗೆಯಬೇಡಿ.

ಆನೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. "ಕಿವಿ ಅಗಲಿಸಿದರೆ ಹುಸಿ ದಾಳಿ, ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಸುತ್ತಿದರೆ ನಿಜ ದಾಳಿ" ಅಂತ ಓದಿರುತ್ತೀರಿ. ಒಟ್ಟಾರೆ ಸರಿ ಇರಬಹುದು, ಆದರೆ ಅದನ್ನು ನಂಬಿ ನಿಂತು ನೋಡುವುದಲ್ಲ. ಹುಸಿ ದಾಳಿ ಅರ್ಧ ದಾರಿಯಲ್ಲಿ ನಿಜವಾಗಬಹುದು. ಸಕಲೇಶಪುರ, ಕೊಡಗಿನ ತೋಟದ ರಸ್ತೆಗಳಲ್ಲಿ ಉಪಯೋಗಕ್ಕೆ ಬರುವುದು ಅದಕ್ಕಿಂತ ಮುಂಚಿನ ಗುರುತುಗಳು: ಮೇಯುವುದು ನಿಲ್ಲಿಸಿತು, ಆಡುತ್ತಿದ್ದ ಕಿವಿ ನಿಂತಿತು, ಸೊಂಡಿಲಿನ ತುದಿ ನಿಮ್ಮ ಕಡೆ ಎತ್ತಿ ಮೂಸಿತು. ಇಷ್ಟರಲ್ಲೇ ಹಿಂದಕ್ಕೆ ಹೋಗಿ. ಕಣ್ಣು ಕಿವಿಯ ನಡುವೆ ಮದ ಸುರಿಯುತ್ತಿರುವ ಗಂಡಾನೆ ಕಂಡರೆ ಇನ್ನೂ ದೂರ. ವಾಹನದಲ್ಲಿದ್ದರೆ ಹಾರ್ನ್ ಬೇಡ, ಇಳಿಯುವುದು ಬೇಡ, ರಿವರ್ಸ್ ಹೋಗಿ. ಕಾಡಿನಲ್ಲಿ ಸುಲಭದ ನಿಯಮ ಒಂದಿದೆ. ನಿಮ್ಮನ್ನು ನೋಡಿ ಪ್ರಾಣಿ ಮಾಡುತ್ತಿದ್ದ ಕೆಲಸ ನಿಲ್ಲಿಸಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ.

## 10. ಇಷ್ಟಾದರೂ ಹಲ್ಲು ತಾಗಿದರೆ

ನಾಯಿ, ಬೆಕ್ಕು, ಕೋತಿ ಯಾವುದೇ ಇರಲಿ, ಮನೆಯದ್ದೇ ಇರಲಿ, ಮೊದಲು ನಲ್ಲಿ ತಿರುಗಿಸಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಎರಡು ನಿಮಿಷಕ್ಕೇ ಹದಿನೈದಾಯಿತು ಅನ್ನಿಸಿಬಿಡುತ್ತದೆ. ಅರಿಶಿನ, ಖಾರದಪುಡಿ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.

ಆಮೇಲೆ ಅದೇ ದಿನ ಆಸ್ಪತ್ರೆ. ರಕ್ತ ಬಾರದ ಗೀರಾದರೂ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ರೇಬಿಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವವರೆಗೆ ರೇಬಿಸ್ ತಡೆಯುವ ಚುಚ್ಚುಮದ್ದು) ಕೂಡ ಬೇಕು, ಅವರು ಹೇಳದಿದ್ದರೆ ನೀವೇ ಕೇಳಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ಡೋಸಿನ ದಿನವನ್ನು 0 ಅಂತ ಎಣಿಸಿ, ಮುಂದಿನವು 3, 7 ಮತ್ತು 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವುದಾದರೆ 14ನೇ ದಿನದ್ದೂ ಸೇರುತ್ತದೆ.

ಕಚ್ಚಿದ್ದು ನಾಯಿ ಅಥವಾ ಬೆಕ್ಕಾಗಿದ್ದು ಕಣ್ಣಿಗೆ ಬೀಳುತ್ತಿದ್ದರೆ 10 ದಿನ ಗಮನಿಸಿ. ಆ ಹೊತ್ತಿನಲ್ಲಿ ಅದು ಸಾಯುವುದೋ, ಕಾಯಿಲೆ ಬೀಳುವುದೋ, ಕಾಣೆಯಾಗುವುದೋ ಆದರೆ ಡಾಕ್ಟರಿಗೆ ತಕ್ಷಣ ತಿಳಿಸಿ. ಆದರೆ ಆ ಹತ್ತು ದಿನ ಮುಗಿಯಲಿ, ಆಮೇಲೆ ಲಸಿಕೆ ಶುರುಮಾಡೋಣ ಅಂತ ಕೂರಬೇಡಿ. ಲಸಿಕೆ ಮೊದಲ ದಿನವೇ ಶುರುವಾಗಬೇಕು, ಗಮನಿಸುವುದು ಜೊತೆಜೊತೆಗೇ ನಡೆಯಲಿ. ಕೋತಿಗೆ ಈ ಹತ್ತು ದಿನದ ಲೆಕ್ಕ ಇಲ್ಲ, ಪೂರ್ತಿ ಕೋರ್ಸ್ ಮುಗಿಸಿ. ಗಾಯ ಒಣಗಿದ ಮೇಲೆ 28ನೇ ದಿನದ ಡೋಸು ಮರೆತೇಹೋಗುತ್ತದೆ, ಇವತ್ತೇ ಮೊಬೈಲಿನಲ್ಲಿ ಅಲಾರಂ ಇಟ್ಟುಬಿಡಿ.